ಬದಲಿ ಹಾಜರಿ

ಹೆಡ್ಮಾಸ್ಟರು “ಚಿತ್ರಕಲೆ” ಎಂದು ಎರಡನೇ ಸಲ ಕೂಗಿದಾಗ ಬಸ್ಸಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಈಗ ಹೇಳಬೇಕು, ಎದ್ದು ನಿಂತು ಹೇಳಿಬಿಡಬೇಕು, ಸರ್, ಅವರಿಗೆ ಹುಷಾರಿಲ್ಲ, ರೂಮಿನಲ್ಲೇ ಮಲಗಿದ್ದಾರೆ, ಇಷ್ಟೇ ತಾನೆ, ಇದಕ್ಕೆ ಯಾರೂ ತಲೆ ತೆಗೆಯುವುದಿಲ್ಲ ಎಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತ ಅವಳು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಹೆಡ್ಮಾಸ್ಟರ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಅವರು ತಲೆ ಎತ್ತಿರಲಿಲ್ಲ. ಹಾಜರಿ ತೆಗೆದುಕೊಳ್ಳುವಾಗ ತಲೆ ಎತ್ತುವುದು ಅವರ ಪದ್ಧತಿಯಲ್ಲ. ಅವಳು ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು. “ಹಾಜರ್ ಸಾ..ರ್” ಎಂದು, ತೆಳ್ಳಗೆ, ಕೊನೆಯನ್ನು ಸ್ವಲ್ಪ ಎಳೆದು, ಥೇಟು ತನ್ನ ಜೊತೆ ರೂಮಿನಲ್ಲಿರುವ ಡ್ರಾಯಿಂಗ್ ಮೇಡಮ್ಮಿನ ದನಿಯಲ್ಲಿ. ಪೆನ್ನು ಗೀಚಿತು. ಅವಳ ಕಿವಿ ಬಿಸಿಯಾಯಿತು. ಮುಂದಿನ ಸರದಿ ಸಮಾಜ ವಿಜ್ಞಾನದ್ದು, ಎಂದರೆ ಅವಳದ್ದೇ. “ಸಮಾಜ” ಎಂದು ಕೂಗಿದ್ದು ಕೇಳಿಸಿತು. “ಹಾಜರ್ ಸರ್” ಎಂಬ ಉತ್ತರವೂ ಕೇಳಿಸಿತು. ತಾನೇ ಅಂದಿರಬೇಕು. ಮತ್ಯಾರು ಅನ್ನುತ್ತಾರೆ? ಬಸ್ಸು ಹೊರಟಿತು.

ಹೆಸರು ಹಿಡಿದು ಕರೆಯುವುದನ್ನು ಹೆಡ್ಮಾಸ್ಟರು ಮೊದಲ ದಿನವೇ ಕೈಬಿಟ್ಟಿದ್ದರು. ಶಿಕ್ಷಕರ ವಿದೇಶ ಅಧ್ಯಯನ ಪ್ರವಾಸ ಇದು. ಬೇರೆ ಬೇರೆ ಊರಿನ ಶಾಲೆಗಳಿಂದ ವಿಷಯಕ್ಕೆ ಒಬ್ಬರಂತೆ ಆರಿಸಿ ತಂದಿದ್ದರು. “ನಿಮ್ಮ ಹೆಸರೆಲ್ಲ ನೆನಪಿಟ್ಕೊಳ್ಳೋಕೆ ನಾನೇನು ಬೀಗರ ಮನೆಗೆ ಬಂದಿದೀನಾ? ವಿಷಯ ಕೂಗ್ತೀನಿ, ಹಾಜರ್ ಅನ್ನಿ, ಮುಗೀತು” ಎಂದಿದ್ದರು. ಅಂದಿನಿಂದ ಆ ಬಸ್ಸಿನಲ್ಲಿ ಮನುಷ್ಯರಿರಲಿಲ್ಲ, ಗಣಿತವಿತ್ತು, ವಿಜ್ಞಾನವಿತ್ತು, ಪಿಟಿ ಇತ್ತು. ಒಂದು ದಿನ ಗೈರಾದರೂ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ಬಡ್ತಿಯ ಮಾತೇ ಇಲ್ಲ. ಎರಡನೇ ದಿನ ಲಿಫ್ಟು ಸಿಕ್ಕದೆ ಅವಳು ತಡವಾಗಿ ಓಡಿ ಬಂದಾಗ ಹೆಡ್ಮಾಸ್ಟರು ಅವಳನ್ನು ಡ್ರೈವರನ ಪಕ್ಕದಲ್ಲಿ ಎಲ್ಲರ ಕಡೆಗೆ ಮುಖ ಮಾಡಿ ನಿಲ್ಲಿಸಿ, “ನಿಮ್ಮ ಮಕ್ಕಳಿಗೂ ಇದನ್ನೇ ಕಲಿಸ್ತೀರಾ?” ಎಂದು ಕೇಳಿದ್ದರು. ಬಸ್ಸು ನಕ್ಕಿತ್ತು. ನಲವತ್ತು ದಾಟಿದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು ಹಿಡಿದು ನಿಂತಿದ್ದಳು. ಆ ಬ್ರೆಡ್ಡನ್ನು ಎಲ್ಲಿ ಇಡುವುದೆಂದು ತಿಳಿಯದೆ ಒದ್ದಾಡಿದ್ದು ಇವತ್ತಿಗೂ ಅವಳ ಬೆರಳುಗಳಿಗೆ ನೆನಪಿತ್ತು. ನಿನ್ನೆ ವಿಜ್ಞಾನದ ಮೇಷ್ಟ್ರು ಹೊಟ್ಟೆ ಕೆಟ್ಟಿದೆ ಎಂದಾಗಲೂ ಅಷ್ಟೇ. “ಸರ್ಕಾರದ ಖರ್ಚಲ್ಲಿ ಮಲಗೋಕೆ ಬಂದಿದೀರಾ?” ಎಂದಿದ್ದರು. ಆ ಬಡಪಾಯಿ ಹೊಟ್ಟೆ ಹಿಡಿದುಕೊಂಡೇ ಊರೆಲ್ಲ ಸುತ್ತಿದ.

ಆದರೂ ಹಾಗೆ ಅನ್ನಬಾರದಿತ್ತು. ಟ್ರೈನಿಂಗ್ ಕಾಲೇಜಿನ ಹುಡುಗಾಟ ಇಷ್ಟು ವರ್ಷ ನಾಲಿಗೆಯ ತುದಿಯಲ್ಲಿ ಹೊಂಚಿಕೊಂಡು ಕೂತಿತ್ತೇ? ಆಗ ಹಾಸ್ಟೆಲಿನ ಅರ್ಧ ಹುಡುಗಿಯರು ಬೆಳಿಗ್ಗೆ ಮಲಗಿಯೇ ಇರುತ್ತಿದ್ದರು, ಅವರೆಲ್ಲರ ಪರವಾಗಿ ಇವಳೊಬ್ಬಳು ಕ್ಲಾಸಿಗೆ ಹೋಗುತ್ತಿದ್ದಳು. ಮೂಗಿನಿಂದ ಮಾತಾಡುವವಳಿಗೆ ಮೂಗಿನಿಂದ, ಕೀರಲು ದನಿಯವಳಿಗೆ ಕೀರಲಾಗಿ, ಬೆಂಚಿನ ಕೆಳಗೆ ತಲೆ ಬಗ್ಗಿಸಿ ಹಾಜರ್ ಅಂದರೆ ಮೇಷ್ಟ್ರಿಗೆ ಒಂದಿಷ್ಟೂ ಅನುಮಾನ ಬರುತ್ತಿರಲಿಲ್ಲ. ನಿನಗಿದು ದೇವರು ಕೊಟ್ಟ ವರ ಕಣೇ ಎಂದು ಗೆಳತಿಯರು ಹೊಗಳುತ್ತಿದ್ದರು. ಒಂದು ದಿನ ಎಲ್ಲರ ದನಿಯಲ್ಲೂ ಉತ್ತರ ಕೊಟ್ಟು ಕೊನೆಗೆ ತನ್ನ ಹೆಸರು ಬಂದಾಗ ತನ್ನ ದನಿ ಯಾವುದೆಂದು ಚಟ್ಟನೆ ಹೊಳೆಯದೆ ಸುಮ್ಮನೆ ಕೂತುಬಿಟ್ಟಿದ್ದಳು, ಮೇಷ್ಟ್ರು ಗೈರು ಹಾಕಿದ್ದರು. ಆಗ ಬಿದ್ದು ಬಿದ್ದು ನಕ್ಕಿದ್ದರು ಎಲ್ಲ. ಅವಳೂ ನಕ್ಕಿದ್ದಳು.

ಬೆಳಿಗ್ಗೆ ರೂಮಿನಲ್ಲಿ ಪರದೆ ಸರಿಸಿರಲಿಲ್ಲ. ಡ್ರಾಯಿಂಗ್ ಮೇಡಂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಾತ್ ರೂಮಿನ ಬಾಗಿಲ ಸಂದಿಯ ಬೆಳಕಿನಲ್ಲಿ ಅವರ ಭುಜ ಮಾತ್ರ ಕಾಣುತ್ತಿತ್ತು. “ಎದೆ ಮೇಲೆ ಏನೋ ಇಟ್ಟಂಗಿದೆ” ಎಂದಿದ್ದರು. “ಏನಿಲ್ಲ, ಮಲಗಿದ್ರೆ ಹೋಗುತ್ತೆ. ನಾನು ಬರಲ್ಲ ಅಂತ ಹೆಡ್ಮಾಸ್ಟ್ರಿಗೆ ಹೇಳಿಬಿಡಿ.” ಹೇಳುತ್ತೇನೆ ಎಂದಿದ್ದಳು. ಡಾಕ್ಟರನ್ನು ಕರೆಸಲಾ ಎಂದು ಕೇಳಿದಳೋ, ಕೇಳಬೇಕು ಎಂದುಕೊಂಡಳೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಬಸ್ಸಿನ ಹೊತ್ತಾಗಿತ್ತು. ಬೆಳಕು ಹಾಕಿದರೆ ಅವರಿಗೆ ತೊಂದರೆ ಎಂದು ಕತ್ತಲಲ್ಲೇ ತಡಕಿ ಕುರ್ಚಿಯ ಮೇಲಿದ್ದದ್ದನ್ನು ಹೊದ್ದುಕೊಂಡು, ಬ್ಯಾಗು ಹೆಗಲಿಗೇರಿಸಿ, ಕಸ ಗುಡಿಸುವವರು ಬಂದು ಎಬ್ಬಿಸದಿರಲಿ ಎಂದು ತೊಂದರೆ ಕೊಡಬೇಡಿ ಎನ್ನುವ ಹಲಗೆಯನ್ನು ಹಿಡಿಕೆಗೆ ನೇತುಹಾಕಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಬಂದಿದ್ದಳು. ಎಷ್ಟು ಕಾಳಜಿ! ತನ್ನ ಕಾಳಜಿಯನ್ನು ತಾನೇ ಮೆಚ್ಚಿಕೊಂಡು ಲಿಫ್ಟು ಹತ್ತಿದ್ದಳು. ನಿನ್ನೆ ಸಂಜೆ ಅದೇ ಡ್ರಾಯಿಂಗ್ ಮೇಡಂ ಮಂಚದ ತುದಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ, “ನಾನು ಬರದಿದ್ರೆ ಯಾರಿಗೂ ಗೊತ್ತಾಗಲ್ಲ ಬಿಡಿ. ನಮ್ಮ ಶಾಲೇಲಿ ಡ್ರಾಯಿಂಗ್ ಪಿರಿಯಡ್ಡು ಅಂದ್ರೆ ಗಣಿತದವರು ಪಾಠ ಮುಗಿಸ್ಕೊಳ್ಳೋ ಪಿರಿಯಡ್ಡು. ಮಕ್ಕಳೂ ಕೇಳಲ್ಲ, ನಾನೂ ಕೇಳಲ್ಲ” ಎಂದು ನಕ್ಕಿದ್ದರು. ಇವಳು ಆಗ ಕನ್ನಡಿಯ ಮುಂದೆ ನಿಂತು ವಂದನಾರ್ಪಣೆಯನ್ನು ಗಟ್ಟಿ ಮಾಡುತ್ತಿದ್ದಳು. ಇವತ್ತು ಸಂಜೆ ಸಮಾರೋಪ. ಇಡೀ ತಂಡದ ಪರವಾಗಿ ಮಾತಾಡಲು ಹೆಡ್ಮಾಸ್ಟರು ಅವಳನ್ನೇ ಆರಿಸಿದ್ದರು, ಇದುವರೆಗಿನ ಅವಮಾನಕ್ಕೆಲ್ಲ ಅದೊಂದೇ ಮದ್ದು. “ನನಗೂ ಬಾಯಿಪಾಠ ಆಗಿಹೋಗಿದೆ ನಿಮ್ಮ ಭಾಷಣ. ಎಲ್ಲಿ ನಿಲ್ಲಿಸ್ತೀರಿ, ಎಲ್ಲಿ ಉಗುಳು ನುಂಗ್ತೀರಿ, ಎಲ್ಲಾ ಗೊತ್ತು” ಎಂದಿದ್ದರು ಡ್ರಾಯಿಂಗ್ ಮೇಡಂ.

ಬಸ್ಸು ಮ್ಯೂಸಿಯಮ್ಮಿನ ಮುಂದೆ ನಿಂತಿತು. ಇಳಿಯುವಾಗ ಹೇಳಿಬಿಡೋಣ ಎಂದುಕೊಂಡಳು. ಇಳಿದ ಮೇಲೆ ಹೇಳೋಣ ಎಂದುಕೊಂಡಳು. ಗೈಡು ಹೆಂಗಸು ಕೊಡೆ ಎತ್ತಿ ಹಿಡಿದು ಮುಂದೆ ನಡೆದಳು, ಎಲ್ಲರೂ ಕೊಡೆಯ ಹಿಂದೆ ನಡೆದರು. ಒಳಗೆ ಮಾತಾಡುವಂತಿರಲಿಲ್ಲ. ನೂರಾರು ವರ್ಷ ಹಿಂದಿನ ಒಂದು ಶಾಲೆಯ ಕೋಣೆಯನ್ನು ಇದ್ದ ಹಾಗೇ ಎತ್ತಿ ತಂದು ಇಟ್ಟಿದ್ದರು. ಕಪ್ಪು ಹಲಗೆ, ಮಸಿಯ ಕಲೆ ಹಿಡಿದ ಬೆಂಚುಗಳು, ಹಲಗೆಯ ಮುಂದೆ ಮೇಣದಲ್ಲಿ ಮಾಡಿದ ಒಬ್ಬ ಮೇಡಂ. ಅವಳ ಒಂದು ಕೈ ಸೀಮೆಸುಣ್ಣ ಹಿಡಿದು ಗಾಳಿಯಲ್ಲಿ ನಿಂತಿತ್ತು. ಬೆಂಚುಗಳು ಖಾಲಿ. ಮೇಣದ ಮೇಡಮ್ಮಿನ ಕಣ್ಣು ಖಾಲಿ ಬೆಂಚುಗಳನ್ನು ಒಂದೊಂದಾಗಿ ನೋಡುತ್ತ ಕೊನೆಗೆ ಬಾಗಿಲಲ್ಲಿ ನಿಂತ ಇವಳ ಮೇಲೆ ಬಂದು ನಿಂತಂತಾಯಿತು. ಯಾರು ಬಂದಿಲ್ಲ ಎಂದು ಆ ಕಣ್ಣಿಗೆ ಗೊತ್ತಿತ್ತು. ಈ ಬಸ್ಸಿನವರಲ್ಲಿ ಯಾರಿಗೂ ಗೊತ್ತಿಲ್ಲದ್ದು ಮೇಣಕ್ಕೆ ಗೊತ್ತಿತ್ತು. ಪಕ್ಕದಲ್ಲಿದ್ದ ಗಣಿತದ ಮೇಡಮ್ಮಿನ ತೋಳು ಹಿಡಿದು ಪಿಸುಗುಟ್ಟಿದಳು: “ಡ್ರಾಯಿಂಗ್ ಮೇಡಂ ಬಂದಿಲ್ಲ ಕಣ್ರೀ.” ಗಣಿತದ ಮೇಡಂ ಗೋಡೆಯ ಫಲಕ ಓದುವುದನ್ನು ಬಿಡದೆ, “ಬಂದಿದಾರಲ್ರೀ, ಮೆಟ್ಟಿಲು ಹತ್ತುವಾಗ ನನ್ನ ಮುಂದೇನೇ ಇದ್ರು. ಶಾಲು ಎಳ್ಕೊಂಡು ಎಳ್ಕೊಂಡು ಹತ್ತುತಾ ಇದ್ರು ಪಾಪ” ಎಂದರು. ನೋಡಿದಿರಾ, ನಿಮ್ಮ ಕಣ್ಣಾರೆ? ಎಂದು ಕೇಳಬೇಕೆನ್ನುವಷ್ಟರಲ್ಲಿ ಗೈಡು ತುಟಿಯ ಮೇಲೆ ಬೆರಳಿಟ್ಟು ಇವರತ್ತ ನೋಡಿದಳು. ಮೇಡಮ್ಮುಗಳಿಬ್ಬರೂ ಮಾತಾಡಿ ಸಿಕ್ಕಿಬಿದ್ದ ಹುಡುಗಿಯರ ಥರ ತಲೆ ತಗ್ಗಿಸಿದರು.

ಊಟದ ಪೊಟ್ಟಣಗಳನ್ನು ಅಂಗಳದಲ್ಲಿ ಹಂಚಿದರು. ಪಿಟಿ ಮೇಷ್ಟ್ರು ಅದರ ಉಸ್ತುವಾರಿ ವಹಿಸಿಕೊಂಡಿದ್ದರು; ಎಲ್ಲಿ ಹೋದರೂ ಅನ್ನದ ಪಕ್ಕದಲ್ಲೇ ಡ್ಯೂಟಿ ಹಾಕಿಸಿಕೊಳ್ಳುವ ಆಸಾಮಿ. ಈಗ ಗೊತ್ತಾಗುತ್ತದೆ, ಒಂದು ಪೊಟ್ಟಣ ಉಳಿಯುತ್ತದೆ, ಯಾರದ್ದು ಎಂದು ಕೇಳುತ್ತಾರೆ, ಆಗ ಹೇಳುವುದು ಸಲೀಸು ಎಂದು ಅವಳು ಡಬ್ಬದ ಪಕ್ಕದಲ್ಲೇ ನಿಂತಳು. ಏನೂ ಉಳಿಯಲಿಲ್ಲ. ಪಿಟಿ ಮೇಷ್ಟ್ರು ಖಾಲಿ ಡಬ್ಬವನ್ನು ತಲೆಕೆಳಗು ಮಾಡಿ ತಟ್ಟಿ, “ಲೆಕ್ಕ ಅಂದ್ರೆ ಇದು! ಗಣಿತದವರೂ ಕಲ್ತುಕೊಳ್ಳಿ” ಎಂದು ಹಲ್ಲು ಬಿಟ್ಟರು. ಅವಳಿಗೆ ತನ್ನ ಪೊಟ್ಟಣ ಸಿಕ್ಕಿತ್ತೇ? ಕೈಯಲ್ಲಿತ್ತು. ಯಾರೋ “ತಗೊಳ್ಳಿ ಮೇಡಂ” ಎಂದು ಕೊಟ್ಟಿದ್ದರು. ಅದನ್ನು ಬಿಚ್ಚದೆಯೇ ನಿಂತಳು. ಒಂದು ವೇಳೆ ಅವರು ನಿಜವಾಗಿಯೂ ಬಂದಿದ್ದರೆ? ತಾನು ಕೆಳಗಿಳಿದ ಮೇಲೆ ಎದ್ದು, ಮುಖ ತೊಳೆದು, ಬಸ್ಸಿನ ಹಿಂದಿನ ಸೀಟಿನಲ್ಲಿ ಬಂದು ಕೂತಿದ್ದರೆ? ಅಯ್ಯೋ ಹಾಗೇ ಆಗಿರಲಿ ಎಂದು ಮನಸ್ಸು ಅಂಗಲಾಚಿತು. ಅಂಗಳದ ತುಂಬ ಕಣ್ಣಾಡಿಸಿದಳು. ಎಲ್ಲರೂ ಗುಂಪುಗುಂಪಾಗಿ ಬೆನ್ನು ತಿರುಗಿಸಿ ತಿನ್ನುತ್ತಿದ್ದರು. ಬೆನ್ನುಗಳನ್ನು ನೋಡಿ ಯಾರು ಯಾರೆಂದು ಹೇಳುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಫೋನು ನಡುಗಿತು. ಮ್ಯೂಸಿಯಮ್ಮಿನ ವೈಫೈ ಹಿಡಿದಿತ್ತು, ಮನೆಯಿಂದ ಓರಗಿತ್ತಿ. ಇವಳು ಬರುವಾಗ ಮನೆಯನ್ನು ಈ ಓರಗಿತ್ತಿಯ ಕೈಗೆ ಒಪ್ಪಿಸಿ ಬಂದಿದ್ದಳು. ಮಕ್ಕಳು, ಗಂಡ, ಮರೆವು ಹತ್ತಿದ ಅತ್ತೆ, ಎಲ್ಲ ಸೇರಿ. ದೂರ ಹೋಗುತ್ತೇನೆಂದು ಅತ್ತೆಗೆ ಹೇಳಿರಲಿಲ್ಲ, ಹೇಳಿದರೆ ರಂಪ ಮಾಡುತ್ತಾರೆಂದು ಗಂಡನೇ ಬೇಡವೆಂದಿದ್ದ. “ಅಕ್ಕಾ, ಏನೂ ಯೋಚನೆ ಮಾಡ್ಬೇಡಿ, ಇಲ್ಲಿ ಎಲ್ಲಾ ಸಲೀಸಾಗಿ ನಡೀತಿದೆ” ಎಂದಳು ಓರಗಿತ್ತಿ, ಬಾಯಲ್ಲಿ ನಗು ಹಿಡಿದಿಟ್ಟುಕೊಂಡು. “ಅತ್ತೆಗೆ ನೀವು ಹೋಗಿರೋದೇ ಗೊತ್ತಾಗಿಲ್ಲ! ಅವರು ಒಳಗಿಂದ ನಿಮ್ಮನ್ನ ಕೂಗ್ತಾರಲ್ಲ, ನಾನು ಅಡುಗೆಮನೆಯಿಂದ ನಿಮ್ಮ ಥರಾನೇ ‘ಬಂದೇ ಅತ್ತೇ’ ಅಂತೀನಿ. ಅಷ್ಟೇ, ಸುಮ್ಮನಾಗಿಬಿಡ್ತಾರೆ. ನಿನ್ನೆ ಭಾವನೂ ಪೇಪರ್ ಹಿಡ್ಕೊಂಡು ಕೂತೋರು, ನನ್ನನ್ನೇ ನೀವು ಅಂದ್ಕೊಂಡು ಕನ್ನಡಕ ಕೇಳಿದ್ರು. ನಕ್ಕೂ ನಕ್ಕೂ ಸಾಕಾಯ್ತು.” ಇವಳೂ ನಕ್ಕಳು. ನಗು ಮುಗಿದ ಮೇಲೆ, “ಕೊಟ್ಯಾ?” ಎಂದು ಕೇಳಿದಳು. “ಏನನ್ನ?” “ಕನ್ನಡಕ.” “ಕೊಟ್ಟೆ ಅಕ್ಕ. ಎಲ್ಲಿಡ್ತಾರೆ ಅಂತ ನನಗೂ ಈಗ ಗೊತ್ತಲ್ಲ.” ಮಕ್ಕಳು ಕೇಳುತ್ತಾರಾ ಎನ್ನುವ ಪ್ರಶ್ನೆ ನಾಲಿಗೆಗೆ ಬಂದಿತ್ತು, ಕೇಳಲಿಲ್ಲ. ಹದಿನೆಂಟು ವರ್ಷದಿಂದ ಆ ಮನೆಯಲ್ಲಿ ತಾನಿರುವುದೆಂದರೆ ‘ಬಂದೆ ಅತ್ತೆ’ ಎನ್ನುವ ಎರಡು ಮಾತೇ? ಅದನ್ನು ಯಾರು ಅಂದರೂ ನಡೆಯುವುದೇ? ಫೋನಿಡುವಾಗ ಹಿಂದಿನಿಂದ ಅತ್ತೆ ಕೂಗಿದ್ದು ಕೇಳಿಸಿತು. ಇವಳ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅಲ್ಲಿಂದ ಆಗಲೇ ಉತ್ತರ ಹೋಗಿಯಾಗಿತ್ತು.

ಮತ್ತೆ ಬಸ್ಸು ಹತ್ತಿ ಕೂತು ಫೋನನ್ನು ಬ್ಯಾಗಿಗೆ ತುರುಕುವಾಗ ಬೆರಳಿಗೆ ಒಂದು ರಟ್ಟು ತಾಗಿತು. ರೂಮಿನ ಕಾರ್ಡು. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬಾಗಿಲ ಪಕ್ಕದ ಗೂಡಿನಲ್ಲಿ ಆ ಕಾರ್ಡು ಸಿಕ್ಕಿಸಿದ್ದರೆ ಮಾತ್ರ ಆ ರೂಮಿನಲ್ಲಿ ಬೆಳಕು, ಬಿಸಿಗಾಳಿ ಎಲ್ಲ. ದಿನಾ ಹೊರಡುವಾಗ ಎಳೆದುಕೊಳ್ಳುವ ಹಾಗೆ ಇವತ್ತೂ ಎಳೆದುಕೊಂಡು ಬಂದಿದ್ದಾಳೆ. ಎದೆಭಾರವೆಂದು ಮಲಗಿದ ಹೆಂಗಸನ್ನು ಕತ್ತಲಲ್ಲಿ, ಈ ಕೊರೆಯುವ ಚಳಿಯಲ್ಲಿ ಬಿಟ್ಟು, ಯಾರೂ ಒಳಗೆ ಹೋಗದಂತೆ ಹಲಗೆಯನ್ನೂ ನೇತುಹಾಕಿ, ಅವರು ಬಂದಿದ್ದಾರೆಂದು ಲೋಕಕ್ಕೆಲ್ಲ ಸಾರಿ ಬಂದಿದ್ದಾಳೆ. ಕೊಲ್ಲಬೇಕೆಂದು ಹೊರಟವರೂ ಇಷ್ಟು ಅಚ್ಚುಕಟ್ಟಾಗಿ ಮಾಡಲಾರರು. ಅವರು ಎದ್ದು ಕೂತು ಗೋಡೆ ತಡಕುತ್ತಿರಬಹುದು. ಅಥವಾ ತಡಕುತ್ತಿಲ್ಲದಿರಬಹುದು. ಆ ಎರಡನೆಯ ಯೋಚನೆಯನ್ನು ಮನಸ್ಸು ಮುಟ್ಟಿ ಮುಟ್ಟಿ ಹಿಂದೆ ಸರಿಯಿತು.

ಆ ಹೊತ್ತಿಗೆ ಬಸ್ಸು ಮುಂದಿನ ಜಾಗಕ್ಕೆ ಬಂದಿತ್ತು. ಸಂಜೆಯ ಸಮಾರೋಪವೂ ನಡೆಯಲಿದ್ದ ಆತಿಥೇಯ ಶಾಲೆ, ಉದ್ದನೆಯ ಕಾರಿಡಾರು, ಪಾಲಿಷ್ ಮಾಡಿದ ನೆಲ, ಎಲ್ಲೋ ಒಂದು ಕ್ಲಾಸಿನಲ್ಲಿ ಮಕ್ಕಳು ಒಕ್ಕೊರಲಿನಿಂದ ಏನನ್ನೋ ಒಪ್ಪಿಸುತ್ತಿದ್ದರು. ಭಾಷೆ ತಿಳಿಯದಿದ್ದರೂ ಮಗ್ಗಿ ಎಂದು ಗೊತ್ತಾಗುತ್ತಿತ್ತು. ಒಂದು ಕೋಣೆಯಲ್ಲಿ ಅತಿಥಿಗಳನ್ನು ಸಾಲಾಗಿ ಕೂರಿಸಿ, ಎದುರಿಗೆ ಒಬ್ಬೊಬ್ಬ ಮಗುವನ್ನು ಕೂರಿಸಿ ಚಿತ್ರ ಬರೆಸಿದರು. ಇವಳ ಎದುರಿನ ಪುಟ್ಟ ಹುಡುಗಿ ನಾಲಿಗೆಯನ್ನು ತುಟಿಯಂಚಿಗೆ ಇಟ್ಟುಕೊಂಡು ಬರೆದು, ಹಾಳೆಯನ್ನು ಎರಡೂ ಕೈಯಲ್ಲಿ ಚಾಚಿತು. ಇವಳು ನೋಡಿದಳು. ಹಾಳೆಯಲ್ಲಿದ್ದದ್ದು ಡ್ರಾಯಿಂಗ್ ಮೇಡಂ. ಬೂದು ಬಣ್ಣದ ಶಾಲು, ಅಂಚಿನ ಕರಿ ಪಟ್ಟಿ, ಎಡಭುಜದ ಮೇಲೆ ಅವರು ಯಾವಾಗಲೂ ಹಾಕುವ ದೊಡ್ಡ ಪಿನ್ನು. ಅವಳು ನಿಧಾನವಾಗಿ ತಲೆ ತಗ್ಗಿಸಿ ತನ್ನ ಮೈ ನೋಡಿಕೊಂಡಳು. ಬೂದು ಶಾಲು, ಕರಿ ಪಟ್ಟಿ, ಪಿನ್ನು. ಬೆಳಿಗ್ಗೆ ಕತ್ತಲಲ್ಲಿ ತಡಕಿದಾಗ ಕೈಗೆ ಸಿಕ್ಕಿದ್ದು ತನ್ನ ಕಂದು ಸ್ವೆಟರಲ್ಲ. ಆ ಸ್ವೆಟರು ಕುರ್ಚಿಯ ಮೇಲೇ ಉಳಿದಿದೆ. ಇಡೀ ದಿನ ಈ ಶಾಲು ಹೊದ್ದು ತಿರುಗಿದರೂ ಅದು ಅವಳ ಗಮನಕ್ಕೇ ಬಂದಿರಲಿಲ್ಲ.

ಅಂದರೆ ಗಣಿತದ ಮೇಡಂ ನೋಡಿದ್ದು ತನ್ನನ್ನೇ! ಒಂದು ಕ್ಷಣ ಎದೆ ಹಗುರಾಯಿತು, ದೆವ್ವವಿಲ್ಲ ಭೂತವಿಲ್ಲ, ಬರೀ ಒಂದು ಶಾಲು. ಇಬ್ಬರ ಎತ್ತರ, ಗಾತ್ರ, ಕಿವಿಯ ಹತ್ತಿರದ ನರೆ ಎಲ್ಲ ಒಂದೇ. ಮೊದಲ ದಿನ ಹೋಟೆಲಿನ ಗುಮಾಸ್ತನೂ ಇಬ್ಬರ ಪಾಸ್‌ಪೋರ್ಟು ಅದಲು ಬದಲು ಮಾಡಿ ಕೊಟ್ಟಿದ್ದ. ಮರುಕ್ಷಣ ಇನ್ನೊಂದು ಹೊಳೆಯಿತು. ಬೆಳಿಗ್ಗೆಯಿಂದ ತನ್ನನ್ನು ಯಾರೂ ‘ಸಮಾಜದ ಮೇಡಂ’ ಎಂದು ಕರೆದಿಲ್ಲ. ಎಲ್ಲರ ಕಣ್ಣಲ್ಲೂ ಮೆಟ್ಟಿಲು ಹತ್ತಿದ್ದು ಚಿತ್ರಕಲೆ, ಊಟದ ಪೊಟ್ಟಣ ತೆಗೆದುಕೊಂಡದ್ದು ಚಿತ್ರಕಲೆ. ಹಾಗಾದರೆ ಬಂದಿಲ್ಲದಿರುವುದು ಯಾರು? ಸಮಾಜ ಎಲ್ಲಿ ಎಂದು ಒಬ್ಬರಾದರೂ ಕೇಳಿದರೇ? ಬೆಳಿಗ್ಗೆ ಸಮಾಜಕ್ಕೆ ಹಾಜರ್ ಅಂದದ್ದು ಯಾರ ದನಿ ಎಂದು ನೆನೆಸಿಕೊಳ್ಳಲು ನೋಡಿದಳು. ನೆನಪಿಗೆ ಬರಲಿಲ್ಲ.

ಹೆಡ್ಮಾಸ್ಟರು ಕಾರಿಡಾರಿನ ಕೊನೆಯಲ್ಲಿ ಕಿಟಕಿಗೆ ಒರಗಿ ಸಂಜೆಯ ಭಾಷಣ ತಿದ್ದುತ್ತಿದ್ದರು. ಅವಳು ಹೆಚ್ಚುಕಡಿಮೆ ಓಡಿಯೇ ಹೋದಳು. ಏದುಸಿರಿಗೆ ಮಾತು ತೆಳ್ಳಗಾಗಿ ಬಂತು. “ಸರ್, ಒಂದು ವಿಷಯ.”

“ಹೇಳಿ ಚಿತ್ರಕಲೆ.”

“ನಾನು ಚಿತ್ರಕಲೆ ಅಲ್ಲ ಸರ್. ಅವರು ಬಂದಿಲ್ಲ. ರೂಮಲ್ಲಿ ಹುಷಾರಿಲ್ಲದೆ ಮಲಗಿದಾರೆ, ಒಬ್ಬರೇ. ಬೆಳಿಗ್ಗೆ ಅವರ ಬದಲು ಹಾಜರ್ ಅಂದಿದ್ದು ನಾನು.”

ಹೇಳಿಯಾಯಿತು. ಇನ್ನು ಬೈಯಲಿ, ಬಸ್ಸಿನಲ್ಲಿ ನಿಲ್ಲಿಸಲಿ, ಪ್ರಮಾಣಪತ್ರ ಹರಿದು ಹಾಕಲಿ ಎಂದು ಅವಳು ಕಾದಳು. ಹೆಡ್ಮಾಸ್ಟರು ಕಣ್ಣೆತ್ತಿದರು. ಆ ಕಣ್ಣು ಶಾಲಿನ ಅಂಚಿನಿಂದ ಪಿನ್ನಿನವರೆಗೆ ಬಂದು ಅಲ್ಲೇ ನಿಂತಿತು, ಮುಖದವರೆಗೆ ಬರಲಿಲ್ಲ. “ನೋಡಿಮ್ಮಾ” ಎಂದರು, ಅವರಲ್ಲಿ ಯಾವತ್ತೂ ಕಾಣದ ಕರುಣೆಯಿಂದ. “ನನ್ನ ಸರ್ವೀಸಲ್ಲಿ ಎಷ್ಟು ಹಾಜರಿ ತಗೊಂಡಿದೀನಿ, ದನಿ ಗುರುತು ತಪ್ಪುತ್ತಾ? ನೀವೂ ಬಂದಿದೀರಿ, ಅವರೂ ಬಂದಿದಾರೆ. ವಯಸ್ಸಾಯ್ತು, ಓಡಾಟ ಜಾಸ್ತಿಯಾಯ್ತು ನಿಮಗೆ. ಹೋಗಿ ಸ್ವಲ್ಪ ನೀರು ಕುಡೀರಿ. ಆಮೇಲೆ ಆ ಸಮಾಜದ ಮೇಡಮ್ಮಿಗೆ ರೆಡಿಯಾಗಿರೋಕೆ ಹೇಳಿ, ವಂದನಾರ್ಪಣೆ ಇದೆ.” ಅವರು ಮತ್ತೆ ಹಾಳೆಗೆ ಬಗ್ಗಿದರು. ಅವಳು ಶಾಲನ್ನು ಕಿತ್ತೆಸೆದು ಇಲ್ಲಿ ನೋಡಿ ಎಂದು ಕಿರುಚಬಹುದಿತ್ತು. ಆದರೆ ಶಾಲು ತೆಗೆದ ಮೇಲೂ ಅವರು ಚಿತ್ರಕಲೆ ಎಂದೇ ಕರೆದುಬಿಟ್ಟರೆ? ಆ ಹೆದರಿಕೆ ಅವಳ ಕೈ ಕಟ್ಟಿಹಾಕಿತು.

ಗೇಟಿನ ಹೊರಗೆ ಟ್ಯಾಕ್ಸಿ ನಿಂತಿತ್ತು. ರೂಮಿನ ಕಾರ್ಡಿನ ಹಿಂದಿದ್ದ ವಿಳಾಸವನ್ನು ಡ್ರೈವರನ ಮುಂದೆ ಹಿಡಿದಳು, ಅವನು ತಲೆಯಾಡಿಸಿದ. ಹೊರಟು ತಿರುವಿಗೆ ಬಂದಾಗ ಹಿಂದೆ ತಿರುಗಿ ನೋಡಿದಳು. ಶಾಲೆಯ ಗೇಟಿನ ಮುಂದೆ ಇನ್ನೊಂದು ಟ್ಯಾಕ್ಸಿ ಬಂದು ನಿಂತು, ಕಂದು ಸ್ವೆಟರಿನ ಒಬ್ಬ ಹೆಂಗಸು ಇಳಿದು, ತಡವಾಯಿತೆನ್ನುವಂತೆ ಬ್ಯಾಗನ್ನು ಎದೆಗವಚಿಕೊಂಡು ಒಳಗೆ ಓಡಿದಳು. ಆ ಓಟ ಎಲ್ಲೋ ನೋಡಿದ ಓಟ. ಮೊಣಕೈ ಹೊರಗೆ ಚಾಚಿ ಓಡುವವರು ಬೇಕಾದಷ್ಟು ಜನ ಇರುತ್ತಾರೆ, ಕಂದು ಸ್ವೆಟರಿಗೂ ಬರವಿಲ್ಲ ಎಂದುಕೊಂಡಳು. ಆದರೂ ಕಿಟಕಿಯ ಗಾಜನ್ನು ಮೇಲಕ್ಕೇರಿಸಿ, ಸೀಟಿನಲ್ಲಿ ತಗ್ಗಿ ಕೂತಳು.

ದಾರಿಯುದ್ದಕ್ಕೂ ಅವಳು ಬಾಗಿಲು ತೆರೆಯುವುದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಮಾಡಿದಳು. ತೆರೆದರೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ. ಭುಜ ಮುಟ್ಟಬೇಕು. ಮುಟ್ಟಿದರೆ ಬೆಚ್ಚಗಿರಬೇಕು, ದೇವರೇ, ಬೆಚ್ಚಗಿರಲಿ. ಊರಲ್ಲಿ ಅವರಿಗೆ ಯಾರಿದ್ದಾರೆ? ಇಷ್ಟು ದಿನ ಒಂದೇ ಕೋಣೆಯಲ್ಲಿ ಮಲಗಿದ್ದರೂ ಕೇಳಿರಲಿಲ್ಲ. ತನ್ನ ಅತ್ತೆ, ತನ್ನ ಬಡ್ತಿ, ತನ್ನ ಭಾಷಣ, ಅವರು ಮಾತ್ರ ಹೂಂ ಹೂಂ ಎಂದು ಕೇಳುತ್ತಿದ್ದರು. ಹೂಂಗುಟ್ಟುವವರನ್ನು ಯಾರು ನೋಡುತ್ತಾರೆ? ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು. ಹಲಗೆ ಹಿಡಿಕೆಯಲ್ಲಿ ಹಾಗೇ ತೂಗುತ್ತಿತ್ತು. ಬಾಗಿಲು ಬಡಿದಳು, ಮೇಡಂ ಮೇಡಂ ಎಂದಳು, ಕಾರ್ಡು ಹಿಡಿದು ಬಾಗಿಲು ತೆರೆದಳು. ಒಳಗೆ ಕತ್ತಲು, ಮೂಳೆ ಕೊರೆಯುವ ಚಳಿ. ಕಾರ್ಡನ್ನು ಗೂಡಿಗೆ ಸಿಕ್ಕಿಸಿದಾಗ ದೀಪಗಳು ಒಟ್ಟಿಗೆ ಹತ್ತಿಕೊಂಡವು.

ಯಾರೂ ಇರಲಿಲ್ಲ. ಡ್ರಾಯಿಂಗ್ ಮೇಡಮ್ಮಿನ ಮಂಚದ ಹೊದಿಕೆ ಮಡಿಸಿಟ್ಟಿತ್ತು. ಬಾತ್ ರೂಮು ಖಾಲಿ. ಕುರ್ಚಿ ಖಾಲಿ, ಅದರ ಮೇಲಿರಬೇಕಾದ ಕಂದು ಸ್ವೆಟರಿರಲಿಲ್ಲ. ಫೋನೆತ್ತಿ ಕೆಳಗಿನ ಗುಮಾಸ್ತನನ್ನು ಕೇಳಿದಳು. ಅವನು ನಿಧಾನವಾಗಿ, ಅವಳಿಗೆ ಅರ್ಥವಾಗುವಂತೆ ಹೇಳಿದ: ಆ ಮೇಡಂ ಆಗಲೇ ಹೋದರು, ಟ್ಯಾಕ್ಸಿ ತರಿಸಿಕೊಟ್ಟೆ, ಚೆನ್ನಾಗಿಯೇ ಇದ್ದರು, ತಡವಾಯಿತು, ತನ್ನ ಭಾಷಣ ಇದೆ ಎನ್ನುತ್ತಿದ್ದರು.

ಬದುಕಿದ್ದಾರೆ! ಅವಳು ಮಂಚದ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಬದುಕಿದ್ದಾರೆ, ಚೆನ್ನಾಗಿದ್ದಾರೆ, ಇನ್ನೇನು ಬೇಕು? ಶಾಲು ಸಿಕ್ಕದೆ ಚಳಿಗೆ ತನ್ನ ಸ್ವೆಟರು ಹಾಕಿಕೊಂಡಿದ್ದಾರೆ, ಹಾಕಿಕೊಳ್ಳಲಿ ಪಾಪ. ಮೂಗು ಒರೆಸಿಕೊಳ್ಳುತ್ತಿದ್ದಾಗ ಕೊನೆಯ ಮಾತು ತಿರುಗಿ ಬಂದು ಕಿವಿಯಲ್ಲಿ ನಿಂತಿತು. ಯಾರ ಭಾಷಣ? ಇಲ್ಲಿಯ ಸಿಮ್ಮು ಕೊಂಡು ನಂಬರನ್ನು ಎಲ್ಲರಿಗೂ ಹಂಚಿದ್ದ ಪಿಟಿ ಮೇಷ್ಟ್ರಿಗೆ ರೂಮಿನ ಫೋನಿನಿಂದಲೇ ಮಾಡಿದಳು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿ ಪಿಸುದನಿಯಲ್ಲಿ, “ಯಾರ್ರೀ?” ಎಂದರು.

“ಸರ್, ನಾನು. ಹೋಟೆಲಿಂದ. ನಾನಿಲ್ಲಿ...” ಅತ್ತಿದ್ದರಿಂದ ಅವಳ ದನಿ ತೆಳ್ಳಗಾಗಿ, ಕೊನೆ ಎಳೆದಂತೆ ಬಂತು.

“ಓ, ಡ್ರಾಯಿಂಗ್ ಮೇಡಮ್ಮಾ? ಹೆಡ್ಮಾಸ್ಟ್ರು ಹೇಳಿದ್ರು, ಹುಷಾರಿಲ್ಲ ಅಂತ. ಮಲಗಿ ಮಲಗಿ. ನಿಮ್ಮ ಹಾಜರಿಗೇನೂ ತೊಂದರೆ ಇಲ್ಲ, ಬೆಳಿಗ್ಗೇನೇ ಆಗಿದೆ.”

“ಅಲ್ಲ ಸರ್, ಸಮಾಜದವರು...”

“ಅವರು ಇಲ್ಲೇ ಇದಾರೆ, ಸ್ಟೇಜಿನ ಮೇಲೆ. ವಂದನಾರ್ಪಣೆ ಮಾಡ್ತಿದಾರೆ. ನಾನು ಬಾಗಿಲ ಹತ್ರ ಇದೀನಿ, ಮುಖ ಸರಿಯಾಗಿ ಕಾಣಲ್ಲ. ಏನು ಮಾತಾಡ್ತಾರೆ ಕಣ್ರೀ! ಕೇಳಿ ಬೇಕಾದ್ರೆ.” ಅವರು ಫೋನನ್ನು ಎತ್ತ ಹಿಡಿದರೋ, ದೂರದಿಂದ ಮೈಕಿನ ದನಿ ಬಂತು. ‘ಕಲಿಸುವವರು ಕಲಿಯಲು ಬಂದಾಗ’ ಎಂದು ಅವಳೇ ಬರೆದ ಸಾಲು. ಅಲ್ಲೊಂದು ತಡೆ, ಅವಳೇ ತಡೆಯುತ್ತಿದ್ದ ಜಾಗ. ಉಗುಳು ನುಂಗಿದ್ದೂ ಕೇಳಿಸಿತು. ಆಮೇಲೆ ಚಪ್ಪಾಳೆ, ಎಷ್ಟು ಜೋರಾಗಿ ಎಂದರೆ ಕಿವಿಯಿಂದ ಫೋನು ದೂರ ಹಿಡಿಯಬೇಕಾಯಿತು. “ನನ್ನ ಬದಲು ಹಾಜರ್ ಅಂದ್ರಂತೆ, ಉಪಕಾರ ತೀರಿಸ್ದೆ” ಎಂದು ನಾಳೆ ಡ್ರಾಯಿಂಗ್ ಮೇಡಂ ನಗಬಹುದು. ನಗದೆಯೂ ಇರಬಹುದು. ನಾಳೆ ಬೆಳಿಗ್ಗೆ ಸಮಾಜ ಎಂದು ಕೂಗಿದಾಗ ಇಬ್ಬರೂ ಒಟ್ಟಿಗೆ ಹಾಜರ್ ಅಂದರೆ ಹೆಡ್ಮಾಸ್ಟರು ತಲೆ ಎತ್ತುವುದಿಲ್ಲ, ಒಂದೇ ಗುರುತು ಹಾಕುತ್ತಾರೆ.

ಎದೆಯ ಮೇಲೆ ಏನೋ ಇಟ್ಟಂತಾಯಿತು. ಕನ್ನಡಿಯ ಕಡೆ ನೋಡಬಾರದೆಂದು ಗೋಡೆಯ ಕಡೆ ತಿರುಗಿ ಕೂತಳು. ಯಾರಾದರೂ ಒಬ್ಬರು ತನ್ನನ್ನು ಕರೆಯಬೇಕು, ಗುರುತು ಹಿಡಿದು, ಬೈದಾದರೂ ಸರಿ. ಬಿಲ್ಲು ಎಷ್ಟಾದರೂ ಆಗಲಿ ಎಂದು ಮನೆಯ ಹಳೆಯ ಫೋನಿನ ನಂಬರು ಒತ್ತಿದಳು. ಅಲ್ಲಿ ಆ ಫೋನಿನ ಪಕ್ಕದಲ್ಲೇ ಅತ್ತೆಯ ಕುರ್ಚಿ. ಅತ್ತೆಯೇ ಎತ್ತಿದರು.

“ಯಾರು?”

“ಅತ್ತೆ, ನಾನು.”

“ನಾನು ಅಂದ್ರೆ?”

“ನಿಮ್ಮ ಹಿರೀ ಸೊಸೆ, ಅತ್ತೆ.”

ಅತ್ತೆ ಅಪರಿಚಿತರ ಜೊತೆ ಆಡುವ ಮರ್ಯಾದೆಯ ದನಿಯಲ್ಲಿ, “ಅವಳು ಬೇಕಿತ್ತಾ ನಿಮಗೆ? ಇಲ್ಲೇ ಇದಾಳೆ, ಅಡುಗೆಮನೇಲಿ. ಇರೀಮ್ಮಾ, ಕರೀತೀನಿ” ಎಂದು ಫೋನನ್ನು ಮೇಜಿನ ಮೇಲಿಟ್ಟು ಕೂಗಿದರು. ಹದಿನೆಂಟು ವರ್ಷದಿಂದ ಕೂಗಿದ ಹಾಗೇ ಕೂಗಿದರು. ಇವಳು ಬಾಯಿ ತೆರೆದಳು, ದನಿ ಹೊರಡಲಿಲ್ಲ.

“ಬಂದೇ ಅತ್ತೇ” ಎಂದು ಅಡುಗೆಮನೆಯಿಂದ ಉತ್ತರ ಬಂತು. ಅವಳದ್ದೇ ದನಿ, ಕೆಲಸದ ನಡುವೆ ಬರುವ ಸ್ವಲ್ಪ ಬೇಸರವೂ ಅದರಲ್ಲಿತ್ತು. ಪಾತ್ರೆ ಕೆಳಗಿಟ್ಟ ಸದ್ದು, ಕೈ ಒರೆಸಿಕೊಂಡ ಸದ್ದು, ಚಪ್ಪಲಿಯ ಸದ್ದು ಹಜಾರ ದಾಟಿ ಹತ್ತಿರ ಬರತೊಡಗಿತು. ಅವಳು ಬೂದು ಶಾಲನ್ನು ಎದೆಗೆ ಎಳೆದುಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದು, ತಾನು ಬಂದು ಫೋನು ತೆಗೆದುಕೊಳ್ಳುವುದನ್ನು ಕಾಯುತ್ತ ಕೂತಳು.